ಹನ್ನೊಂದು ಕಿಲೋಮೀಟರು

ಇಂಜಿನ್ ನಿಲ್ಲಿಸು ಅನ್ಸಾ, ಕೀಲಿ ಅಲ್ಲೇ ಇರಲಿ.
ಸುಆಮೆಯ ಈ ಓಣಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ,
ಎಡಕ್ಕೆ ಬಾನೆಟ್ ಬಡಿಯುತ್ತಾರೆ,
ಬಲಕ್ಕೆ ಲಾರಿಯ ಬೆನ್ನೆಲುಬಿಗೆ ಬೆಸುಗೆ.
ಆದರೂ ನೀನು ಪಿಸುಗುಟ್ಟಿದ್ದು ನನಗೆ ಕೇಳಿಸಿತು:
‘ಕೊನಾಡು ಅಕ್ಕ, ರಿಪೇರಿ ಬೇಡ.
ದೀಪ ಅಳಿಸಿಕೊಡು ಸಾಕು. ನಾಳೆ ಫಿಟ್‌ನೆಸ್ ಪರೀಕ್ಷೆ.’

ಮೊದಲು ಈ ಕರಿ ಟೇಪು ಕೀಳುತ್ತೇನೆ.
ಹೆಬ್ಬೆರಳ ಉಗುರಿನಷ್ಟು ಚೌಕ, ಸ್ಪೀಡಿನ ಮುಳ್ಳಿನ ಪಕ್ಕದಲ್ಲಿ.
ಅಡಿಯಲ್ಲಿ ಹಳದಿ ದೀಪ,
ಚಾದರದೊಳಗೆ ಕಣ್ಣು ಬಿಟ್ಟುಕೊಂಡೇ ಮಲಗಿದ ಮಗುವಿನ ಹಾಗೆ.

ಸ್ಟೀರಿಂಗಿನ ಕೆಳಗೆ ಹದಿನಾರು ತೂತಿನ ಬಾಯಿ.
ನನ್ನ ಸ್ಕ್ಯಾನರಿನ ಗಾಜು ಒಡೆದಿದೆ, ರಬ್ಬರ್ ಬ್ಯಾಂಡು ಸುತ್ತಿದ್ದೇನೆ,
ಆದರೂ ಅದು ಸುಳ್ಳು ಹೇಳುವುದಿಲ್ಲ.
ಪಿ, ಸೊನ್ನೆ, ಒಂದು, ಏಳು, ಒಂದು.
ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ.
ಅಷ್ಟೇ ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ.
ಮೈ ಬಿಸಿ ಅನ್ನುವುದು ಒಂದು, ಯಾವ ಜ್ವರ ಅನ್ನುವುದು ಇನ್ನೊಂದು.

ಇರು, ಇನ್ನೊಂದು ಸಾಲಿದೆ:
ಹಿಂದಿನ ಸಲ ಅಳಿಸಿದ ಮೇಲೆ ಓಡಿದ್ದು, ಹನ್ನೊಂದು ಕಿಲೋಮೀಟರು.

ನೆಲ ನೋಡಬೇಡ.
ಬೆಳಗ್ಗೆ ಬೇರೆ ಯಾರ ಹತ್ತಿರ ಹೋಗಿದ್ದೆ ಅಂತ ನಾನು ಕೇಳಲಿಲ್ಲ.
ಇಪ್ಪತ್ತು ಸೆಡಿ ತಗೊಂಡು ಒಂದು ಗುಂಡಿ ಒತ್ತಿದವನ ಹೆಸರೂ ಬೇಡ.
ನಿನ್ನ ಕಾರಿಗೆ ಗೊತ್ತು, ಈಗ ನನಗೂ ಗೊತ್ತಾಯಿತು.
ಗೊತ್ತಿಲ್ಲದವಳು ನಿನ್ನ ಟ್ಯಾಕ್ಸಿ ಹತ್ತುವ ಹೆಂಗಸು,
ಹಿಂದಿನ ಗಾಜಿನ ಮೇಲೆ ನೀನು ಬರೆಸಿದ ‘ಅಬೊತರೆ’, ತಾಳ್ಮೆ,
ಅದನ್ನು ಓದಿಕೊಂಡೇ ಹತ್ತುವವಳು.

ಕಾಫೀ ಪುಡಿಯ ಹಳೇ ಡಬ್ಬಿ, ಮಗುವಿನ ಎಣ್ಣೆ,
ಡೀಸೆಲ್ ವ್ಯಾನಿನದೊಂದು ಸುಡುವ ಪ್ಲಗ್ಗು:
ಇದು ನನ್ನ ಹೊಗೆ ಯಂತ್ರ. ನಗು, ಪರವಾಗಿಲ್ಲ,
ಎಲ್ಲರೂ ಮೊದಲು ನಗುತ್ತಾರೆ.
ಗಾಳಿ ಹೋಗುವ ದಾರಿಯಲ್ಲಿ ಹೊಗೆ ಊದುತ್ತೇನೆ,
ಗಾಳಿ ಕದ್ದು ನುಗ್ಗುವ ಕಡೆ ಹೊಗೆ ಕದ್ದು ಹೊರಬರುತ್ತದೆ.
ಅಫ್ರಾನಿ, ಟಾರ್ಚು ಹಿಡಿ. ಇನ್ನೂ ಕೆಳಗೆ.

ಅಲ್ಲಿ.

ಅಗರಬತ್ತಿಯ ಎಳೆಯಂಥ ಹೊಗೆ.
ದಪ್ಪ ರಬ್ಬರ್ ಕೊಳವೆಯ ಮಡಿಕೆಯ ಒಳಗೆ
ಹರ್ಮಟಾನ್ ಗಾಳಿ ಒಣಗಿಸಿದ ತುಟಿಯ ಹಾಗೆ ಒಂದು ಬಿರುಕು.
ಇಂಜಿನ್ ಅಲ್ಲಾಡಿದಾಗ ಬಾಯಿಬಿಡುತ್ತದೆ,
ನೋಡಲು ಬಗ್ಗಿದರೆ ಮುಚ್ಚಿಕೊಳ್ಳುತ್ತದೆ.
ಲೆಕ್ಕಕ್ಕೆ ಸಿಗದ ಆ ಗಾಳಿಗಾಗಿ
ನೂರಕ್ಕೆ ಇಪ್ಪತ್ತೈದು ಹೆಚ್ಚು ಪೆಟ್ರೋಲು ಸುರಿಯುತ್ತಿತ್ತು ಬಡಪಾಯಿ,
ಕೇಳದೆ ಬಂದ ನೆಂಟರಿಗೂ ಬಡಿಸುವ ಮನೆಯೊಡತಿಯಂತೆ.
ತಿಂಗಳಿಂದ ಪಂಪಿನವನನ್ನು ಬೈದೆಯಲ್ಲ, ಅಳತೆ ಮೋಸ ಅಂತ?
ಹೋಗಿ ಅವನಿಗೊಂದು ಸೋಡಾ ಕೊಡಿಸು.

ಬೇರೆ ಕೊಳವೆ ಹಾಕಿದೆ. ಹಳೆಯದೇ, ಆದರೆ ಗಟ್ಟಿ.
ಇಪ್ಪತ್ತೈದು ಇಳಿದು ಹದಿನಾಲ್ಕಾಯಿತು, ಆರಾಯಿತು, ಮೂರಕ್ಕೆ ನಿಂತಿತು.

ಈಗ ಅಳಿಸುತ್ತೇನೆ.
ಈಗಲೂ ನಾನು ಒತ್ತುವುದು ಅದೇ ಗುಂಡಿಯನ್ನೇ, ಅನ್ಸಾ.

ಆದರೆ ನಾಳೆ ಪರೀಕ್ಷೆಗೆ ಹೋಗಬೇಡ.
ಎಲ್ಲ ಮರೆತ ಕಾರು ಇದು, ಚೆನ್ನಾಗಿದ್ದೇನೆಂದು ಹೇಳಲೂ ಇದಕ್ಕೆ ಬಾರದು.
ಒಂದು ರಾತ್ರಿ ತಣ್ಣಗೆ ಮಲಗಲಿ.
ಬೆಳಗ್ಗೆ ಎಜಿಸುವರೆಗೆ ಓಡಿಸು, ಒಂದೇ ವೇಗದಲ್ಲಿ, ಹಾರ್ನ್ ಕಡಿಮೆ.
ಸಂತೆಯ ಹತ್ತಿರ ನಿಲ್ಲಿಸಿ ಕೆಂಕೆ ತಿನ್ನು. ವಾಪಸು ಬಾ.
ತನ್ನನ್ನು ತಾನೇ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳಲಿ.

ಮತ್ತೆ, ಕೀಲಿ ತಿರುಗಿಸಿದ ಕೂಡಲೆ ದೀಪ ಹತ್ತುತ್ತದೆ,
ಗಾಬರಿಯಾಗಬೇಡ. ಇಂಜಿನ್ ಕೂಗಿದ ಮೇಲೆ ಆರಬೇಕು.
ಒಮ್ಮೆಯೂ ಹತ್ತದ ದೀಪಕ್ಕೆ ಹೆದರು,
ಅಂಥದರ ಬಲ್ಬನ್ನೇ ಯಾರೋ ಕಿತ್ತಿರುತ್ತಾರೆ.

ದುಡ್ಡು ಅರ್ಧವೇ ಇದೆಯಾ? ಗೊತ್ತಿತ್ತು.
ಅಫ್ರಾನಿ, ಪುಸ್ತಕ ತಾ. ಬರಿ: ಅನ್ಸಾ, ಕೊಳವೆ, ಬಾಕಿ ಎಂಬತ್ತು.
ಈ ಟೇಪಿನ ತುಂಡು ಎಸೆಯಬೇಡ,
ಅವನ ಹೆಸರಿನ ಎದುರಿಗೆ ಅಂಟಿಸು.
ಬಾಕಿ ತಂದ ದಿನ ಕಿತ್ತರಾಯಿತು.